ಕಾಲಿನ್ ಕೌಂಟಿಗೆ ಹೊಸದಾಗಿ ಬಂದವರಿಗೆ: ಇಲ್ಲಿ ಜಡ್ಜ್‌ಗೂ ವೋಟು ಬೀಳಬೇಕು

ನಮ್ಮ ಕಡೆ ಸಿವಿಲ್ ಜಡ್ಜ್ ಆಗಬೇಕಾದರೆ ಪರೀಕ್ಷೆ ಬರೆಯಬೇಕು. ಟೆಕ್ಸಸ್‌ನಲ್ಲಿ ಚುನಾವಣೆಗೆ ನಿಲ್ಲಬೇಕು, ಅದೂ ಪಕ್ಷದ ಹೆಸರಿನಲ್ಲಿ. ರಸ್ತೆ ಬದಿ ಹುಲ್ಲಿನಲ್ಲಿ ನೆಟ್ಟ ಜಡ್ಜ್‌ಗಳ ಬೋರ್ಡು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ಮೊದಲು ನಿಮ್ಮ ಮನೆ ಯಾವ ಕೌಂಟಿಯಲ್ಲಿದೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ನೋಡಿಕೊಳ್ಳಿ. ಫ್ರಿಸ್ಕೋ ಊರು ಕಾಲಿನ್, ಡೆಂಟನ್ ಎರಡು ಕೌಂಟಿಗೂ ಹಂಚಿಹೋಗಿದೆ. ಕಾಲಿನ್‌ನವರ ದೊಡ್ಡ ಕೋರ್ಟು ಮೆಕಿನಿಯಲ್ಲಿ. ಕ್ರಿಮಿನಲ್ ಕೇಸು, ಡೈವೋರ್ಸ್ ಎಲ್ಲ ಅಲ್ಲಿ. ಆ ಕಡೆ ಹೋಗುವ ಪ್ರಸಂಗ ಬಾರದಿರಲಿ.

ನಮ್ಮಂಥವರಿಗೆ ಎದುರಾಗುವುದು ತೀರಾ ಕೆಳಗಿನ ಕೋರ್ಟು: ಜಸ್ಟಿಸ್ ಆಫ್ ದಿ ಪೀಸ್, ಎಲ್ಲರ ಬಾಯಲ್ಲೂ ಜೆಪಿ. 20,000 ಡಾಲರ್‌ವರೆಗಿನ ಹಣದ ತಕರಾರು, ಬಾಡಿಗೆಯವರನ್ನು ಬಿಡಿಸುವ ಕೇಸು ಇಲ್ಲಿಗೆ ಬರುತ್ತವೆ. ವಕೀಲರಿಲ್ಲದೆ ನೀವೇ ಹೋಗಿ ಮಾತಾಡಬಹುದು. ತಮಾಷೆ ಅಂದರೆ, ಜೆಪಿ ಆಗಲು ಲಾ ಓದಿರಲೇಬೇಕು ಅಂತಿಲ್ಲ.

ನನ್ನ ಮೊದಲ ಅಪಾರ್ಟ್‌ಮೆಂಟಿನವರು ಕಾರ್ಪೆಟ್ ನೆಪ ಹೇಳಿ ಡಿಪಾಸಿಟ್ ಪೂರ್ತಿ ಹಿಡಿದುಕೊಂಡರು. ಎರಡು ತಿಂಗಳು ಫೋನ್ ಮಾಡಿ ಮಾಡಿ ಸುಸ್ತಾದೆ. ಮನೆ ಬಿಟ್ಟ 30 ದಿನದೊಳಗೆ ದುಡ್ಡು ಇಲ್ಲವೇ ಕಡಿತದ ಲೆಕ್ಕ ಕೊಡಬೇಕು ಅಂತ ಕಾನೂನಿದೆ. ಆದರೆ ಹೊಸ ವಿಳಾಸವನ್ನು ನೀವು ಬರೆದು ಕೊಡುವ ತನಕ ಅವರಿಗೆ ಆ ಹೊಣೆ ಇಲ್ಲ! ನಾನು ಬಾಯಲ್ಲಿ ಹೇಳಿ ಬಂದಿದ್ದೆ. ಆಮೇಲೆ ರಿಜಿಸ್ಟರ್ಡ್ ಪತ್ರ ಹಾಕಿದೆ, ಮನೆಗೆ ಬಂದ ದಿನ ತೆಗೆದ ಕಾರ್ಪೆಟ್ ಫೋಟೋ ಜೊತೆಗಿಟ್ಟೆ, ಜೆಪಿ ಕೋರ್ಟಿಗೆ ಹೋಗುತ್ತೇನೆ ಅಂತ ಬರೆದೆ. ಚೆಕ್ ಬಂತು.

ಸ್ಪೀಡಿಂಗ್ ಟಿಕೆಟ್ ಸಿಟಿ ಪೊಲೀಸರು ಕೊಟ್ಟರೆ ಮುನಿಸಿಪಲ್ ಕೋರ್ಟು, ಹೈವೇ ಪೊಲೀಸರು ಕೊಟ್ಟರೆ ಸಾಮಾನ್ಯವಾಗಿ ಜೆಪಿ. ಸುಮ್ನೆ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಲೆಕ್ಕ. ಅದರ ಬದಲು ಡಿಫೆನ್ಸಿವ್ ಡ್ರೈವಿಂಗ್ (ಸುರಕ್ಷಿತ ಚಾಲನೆ) ಕೋರ್ಸ್ ಮಾಡಿ ಟಿಕೆಟ್ ರದ್ದು ಮಾಡಿಸಿಕೊಳ್ಳಬಹುದಾ ಅಂತ ಟಿಕೆಟ್‌ನಲ್ಲಿರುವ ತಾರೀಖಿನೊಳಗೆ ಕೇಳಿ.

'ಕೌಂಟಿ ಜಡ್ಜ್' ಹೆಸರಿಗೆ ಮೋಸಹೋಗಬೇಡಿ. ಇಂಥ ದೊಡ್ಡ ಕೌಂಟಿಯಲ್ಲಿ ಅವರ ಮುಖ್ಯ ಕೆಲಸ ಬಜೆಟ್ಟು, ರಸ್ತೆ. ಹೆಚ್ಚುಕಮ್ಮಿ ನಮ್ಮ ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಥರ.

ವೋಟು ಸಿಟಿಜನ್‌ಗಳಿಗೆ ಮಾತ್ರ. ಎಚ್‌1ಬಿ, ಗ್ರೀನ್ ಕಾರ್ಡಿನವರು ಡ್ರೈವಿಂಗ್ ಲೈಸೆನ್ಸ್ ಫಾರಂನಲ್ಲಿ ವೋಟರ್ ನೋಂದಣಿಗೆ ಅಪ್ಪಿತಪ್ಪಿಯೂ ಟಿಕ್ ಹಾಕಬೇಡಿ, ವೀಸಾಕ್ಕೂ ಗ್ರೀನ್ ಕಾರ್ಡಿಗೂ ಕುತ್ತು. ಲೈಸೆನ್ಸ್ ಇದ್ದರೆ ಜ್ಯೂರಿಗೆ (ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ) ಕರೆಯುವ ಪತ್ರವೂ ಬರಬಹುದು. ಕಸದ ಬುಟ್ಟಿಗೆ ಹಾಕದೆ, ಸಿಟಿಜನ್ ಅಲ್ಲ ಅಂತ ಗುರುತು ಮಾಡಿ ವಾಪಸ್ ಕಳಿಸಿ.

ಸಿಟಿಜನ್ ಆದವರಿಗೆ ಒಂದು ಮಾತು. ಜೆಪಿ, ಮೆಕಿನಿಯ ದೊಡ್ಡ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್‌ಗಳ ಅವಧಿ 4 ವರ್ಷ. ಸಮಸಂಖ್ಯೆಯ ವರ್ಷ ಮಾರ್ಚ್‌ನಲ್ಲಿ ಪ್ರೈಮರಿ (ಪಕ್ಷದೊಳಗೆ ಅಭ್ಯರ್ಥಿಯನ್ನು ಆರಿಸುವ ಮತದಾನ), ನವೆಂಬರ್‌ನಲ್ಲಿ ಚುನಾವಣೆ. ಒಂದೇ ಪಕ್ಷದವರು ನಿಂತಿದ್ದರೆ ಮಾರ್ಚ್‌ನಲ್ಲೇ ಕತೆ ಮುಗಿಯಿತು, ಅಲ್ವಾ? ಒಂದೇ ಬಟನ್ ಒತ್ತಿ ಇಡೀ ಪಕ್ಷಕ್ಕೆ ವೋಟು ಹಾಕುವ ಪದ್ಧತಿ 2020ಕ್ಕೆ ಹೋಯಿತು. ಜಡ್ಜ್‌ಗಳ ಪಟ್ಟಿ ಉದ್ದ ಇರುತ್ತದೆ. ಮತಗಟ್ಟೆಯಲ್ಲಿ ಫೋನ್ ಬಳಸುವಂತಿಲ್ಲ, ಅದಕ್ಕೆ ಮನೆಯಲ್ಲೇ ಹೆಸರು ನೋಡಿ ಚೀಟಿ ಬರೆದುಕೊಂಡು ಹೋಗಿ. ಚೀಟಿ ನೋಡಿ ಬರೆದರೆ ಇಲ್ಲಿ ಯಾರೂ ಡಿಬಾರ್ ಮಾಡುವುದಿಲ್ಲ.