ಬಯಲುಸೀಮೆಯ ಬಿಸಿಲಿಗೆ ತಾಳುವ ಶಟರ್ ಮೋಟಾರ್ ಆರಿಸುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಹೊಸ ಬಡಾವಣೆಗಳಲ್ಲಿ ಕಾರ್ ಶೆಡ್ಡಿನ ಶಟರ್‌ಗೋ ಕಾಂಪೌಂಡಿನ ಗೇಟ್‌ಗೋ ಮೋಟಾರ್ ಕೂರಿಸುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಅಂಗಡಿಗೆ ಹೋದ ಕೂಡಲೇ ಎದುರಾಗುವ ಪ್ರಶ್ನೆ, ‘ಎಷ್ಟು ಕೆ.ಜಿ.ದು ಬೇಕು ಸಾರ್?’ ಎಂಬುದು. ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಮೋಟಾರಿನ ಮೇಲೆ ಅಚ್ಚಾಗಿರುವ ತೂಕವು ವಿದ್ಯುತ್ ಸರಿಯಾಗಿ 230 ವೋಲ್ಟ್ ಬರುತ್ತಿರುವಾಗ, ಸುತ್ತಲಿನ ಗಾಳಿ ಹಿತವಾಗಿರುವಾಗ ಅದು ಎತ್ತಬಲ್ಲ ತೂಕ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆಯ ತಗಡಿನ ಶೆಡ್ಡಿನಲ್ಲಿ ಈ ಎರಡೂ ಇರುವುದಿಲ್ಲ. ಆದ್ದರಿಂದ ತೂಕದ ಜೊತೆಗೆ ಕಾವು, ವೋಲ್ಟೇಜ್ ಮತ್ತು ದೂಳು ಈ ಮೂರನ್ನೂ ಲೆಕ್ಕಕ್ಕೆ ಹಿಡಿದು ಆರಿಸಬೇಕಾಗುತ್ತದೆ.

ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹಲವು ಅಮೆರಿಕದ ಅರಿಜೋನಾದಂಥ ಮರುಭೂಮಿ ಪ್ರದೇಶದಿಂದ ಬಂದವು. ಅಲ್ಲಿನ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಚಳ್ಳಕೆರೆ, ಮೊಳಕಾಲ್ಮುರು ಎಷ್ಟೇ ಒಣ ಸೀಮೆಯಾದರೂ ಅಷ್ಟು ಕಾಯುವುದಿಲ್ಲ. 38–40 ಡಿಗ್ರಿಗೆ ನಾವು ಬೆವರೊರೆಸಿಕೊಳ್ಳುತ್ತೇವೆ. ಅಲ್ಲದೆ ಅಲ್ಲಿಯವರದು ಹಲಗೆ ಹಲಗೆಯಾಗಿ ಮಡಚಿಕೊಂಡು ಚಾವಣಿಗೆ ಸರಿಯುವ ಬಾಗಿಲು, ನಮ್ಮದು ಸುತ್ತಿಕೊಳ್ಳುವ ಕಬ್ಬಿಣದ ಶಟರ್. ಅಲ್ಲಿ ತಲೆನೋವಾಗದ ವೋಲ್ಟೇಜ್ ಏರಿಳಿತ ಇಲ್ಲಿ ದೊಡ್ಡ ತಲೆನೋವು. ಹಾಗಾಗಿ ಆ ಸಲಹೆಗಳಲ್ಲಿ ಕಾವಿನ ಮಾತನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ನಮ್ಮ ಲೆಕ್ಕದಲ್ಲೇ ನೋಡುವುದು ಒಳ್ಳೆಯದು.

ಮೊದಲು ಶಟರಿನ ತೂಕ

ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಶಟರ್ ಎಂದಿಟ್ಟುಕೊಳ್ಳೋಣ. 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಪಟ್ಟಿಗಳಾದರೆ ಮಡಿಕೆ, ಕೊಂಡಿಗಳೆಲ್ಲ ಸೇರಿ ಚದರ ಅಡಿಗೆ 1.2 ಕೆ.ಜಿ.ಯಷ್ಟು ಹಿಡಿಯಬಹುದು. 90 ಚದರ ಅಡಿಗೆ 108 ಕೆ.ಜಿ. ಆಗುತ್ತದೆ, ಕೆಳಗಿನ ಬಾಟಮ್ ಪ್ಲೇಟ್ ಸೇರಿಸಿ 115 ಎನ್ನೋಣ. ಇದು ಅಂದಾಜು ಮಾತ್ರ. ಶಟರ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲೇ ತೂಕ ಹಾಕಿಸಿ ಬಿಲ್ಲಿನಲ್ಲಿ ಬರೆಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಸಲೀಸು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಶಟರ್ ಸುತ್ತಿಕೊಳ್ಳುವ ಶಾಫ್ಟಿನ ನಡುವೆ ಕೂರುವ ಸೆಂಟರ್ ಮೋಟಾರ್ ಸ್ಪ್ರಿಂಗ್ ಇರುವ ಶಟರ್‌ಗೆ ಹೊಂದುವಂಥದ್ದು. ತೂಕದ ಹೆಚ್ಚಿನ ಪಾಲನ್ನು ಸ್ಪ್ರಿಂಗೇ ಹೊರುವುದರಿಂದ ಮೋಟಾರಿಗೆ ಉಳಿಯುವ ಕೆಲಸ ಕಡಿಮೆ. ಒಂದು ಬದಿಗೆ ಕೂರಿಸಿ ಚೈನಿನಿಂದ ಶಾಫ್ಟ್ ತಿರುಗಿಸುವ ಸೈಡ್ ಮೋಟಾರ್ ಹಾಕುವಾಗ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ, ಇಡೀ ಭಾರ ಮೋಟಾರಿನ ಮೇಲೆಯೇ ಬೀಳುತ್ತದೆ. ಈಗಾಗಲೇ ಕೈಯಿಂದ ಎತ್ತುವ ಶಟರ್ ಇದ್ದು ಅದಕ್ಕೆ ಸೆಂಟರ್ ಮೋಟಾರ್ ಹಾಕಿಸುವವರು ಶಟರನ್ನು ಅರ್ಧಕ್ಕೆ ಎತ್ತಿ ಮೆಲ್ಲಗೆ ಕೈ ಬಿಟ್ಟು ನೋಡಬೇಕು. ಅದು ಇದ್ದಲ್ಲೇ ನಿಂತರೆ ಸ್ಪ್ರಿಂಗ್ ಸರಿಯಿದೆ. ಸರ್ರನೆ ಕೆಳಗಿಳಿದರೆ ಮೊದಲು ಸ್ಪ್ರಿಂಗ್ ಬದಲಿಸಬೇಕು. ಸೋತ ಸ್ಪ್ರಿಂಗಿನ ಭಾರವನ್ನು ಹೊಸ ಮೋಟಾರಿನ ತಲೆಗೆ ಕಟ್ಟುವುದು ದುಡ್ಡು ಹಾಳು ಮಾಡುವ ದಾರಿ.

ವೋಲ್ಟೇಜ್ ಇಳಿದಾಗ ಉಳಿಯುವ ಬಲ

ಮನೆ ಶಟರ್‌ಗಳಿಗೆ ಬರುವ ಸೈಡ್ ಮೋಟಾರ್‌ಗಳು ಬಹುಮಟ್ಟಿಗೆ ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರ್‌ಗಳು. ಇವುಗಳ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ಅನುಗುಣವಾಗಿ ಇಳಿಯುತ್ತದೆ. 230ರ ಜಾಗದಲ್ಲಿ 180 ವೋಲ್ಟ್ ಬಂದರೆ ವೋಲ್ಟೇಜ್ ಇಳಿದದ್ದು ಶೇ 22ರಷ್ಟು, ಬಲ ಇಳಿಯುವುದು ಮಾತ್ರ ಶೇ 39ರಷ್ಟು. 300 ಕೆ.ಜಿ. ಎಂದು ಬರೆದಿರುವ ಮೋಟಾರ್ ಆಗ 180 ಕೆ.ಜಿ. ಆಸುಪಾಸಿನ ಮೋಟಾರಾಗುತ್ತದೆ. ಬಲ ಸಾಲದೆ ಶಟರ್ ಮೇಲೇಳದಿದ್ದರೆ ಮೋಟಾರ್ ಸುಮ್ಮನಿರುವುದಿಲ್ಲ. ಗುಂಯ್‌ಗುಡುತ್ತ ಹೆಚ್ಚು ಕರೆಂಟ್ ಎಳೆದುಕೊಂಡು ಕಾಯುತ್ತದೆ. ಕಾದ ತಾಮ್ರದ ಸುರುಳಿಯ ರೋಧ ಪ್ರತಿ ಹತ್ತು ಡಿಗ್ರಿಗೆ ಸುಮಾರು ಶೇ 4ರಷ್ಟು ಏರುವುದರಿಂದ ಬಲ ಇನ್ನಷ್ಟು ಕುಗ್ಗುತ್ತದೆ.

ಆದ್ದರಿಂದ ಮೋಟಾರ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಶೆಡ್ಡಿನ ಪಾಯಿಂಟಿನಲ್ಲಿಯೇ ಮಲ್ಟಿಮೀಟರ್ ಹಿಡಿಸಿ ನೋಡುವುದು ಅಗತ್ಯ. ಬೆಳಗಿನ ತಂಪು ಹೊತ್ತಿನಲ್ಲಿ ಅಳೆದು ಪ್ರಯೋಜನವಿಲ್ಲ. ಬೇಸಿಗೆಯ ಸಂಜೆ ಬೀದಿಯ ಎಸಿ, ಕೂಲರ್‌ಗಳೆಲ್ಲ ಓಡುತ್ತಿರುವಾಗ ಅಳೆಯಬೇಕು. ಚನ್ನಗಿರಿ, ಹೊಳಲ್ಕೆರೆ ಕಡೆಯ ತೋಟದ ಮನೆಯಾದರೆ ಬೋರ್‌ವೆಲ್ ಪಂಪುಗಳು ಓಡುತ್ತಿರುವ ಹೊತ್ತನ್ನೇ ನೋಡಿ ಅಳೆಯಬೇಕು. ಆಗಲೂ 200 ವೋಲ್ಟ್ ಮೇಲಿದ್ದರೆ ನಮ್ಮ 115 ಕೆ.ಜಿ.ಯ ಶಟರ್‌ಗೆ 300 ಕೆ.ಜಿ.ಯ ಮೋಟಾರ್ ಧಾರಾಳ. ಪದೇ ಪದೇ 180ಕ್ಕೆ ಇಳಿಯುವಲ್ಲಿ ಒಂದು ಮೆಟ್ಟಿಲು ಮೇಲಿನ 400 ಕೆ.ಜಿ.ಯದನ್ನು ತೆಗೆದುಕೊಳ್ಳಬಹುದು, ಇಲ್ಲವೇ ಆ ಲೈನಿಗೊಂದು ಸ್ಟೆಬಿಲೈಜರ್ ಹಾಕಿಸಬಹುದು.

‘ಇರಲಿ ಬಿಡಿ, ಸೇಫ್ಟಿಗೆ ಆಗುತ್ತೆ’ ಎಂದು 600 ಅಥವಾ 800 ಕೆ.ಜಿ.ಯ ಮೋಟಾರ್ ದಾಟಿಸುವವರೂ ಇದ್ದಾರೆ. ಇದು ಸೇಫ್ಟಿ ಅಲ್ಲ. ಶಟರಿನ ಹಾದಿಯಲ್ಲಿ ಕಲ್ಲೋ, ಸೈಕಲ್ಲಿನ ಹ್ಯಾಂಡಲ್ಲೋ ಸಿಕ್ಕಿಕೊಂಡಾಗ ಅತಿಬಲದ ಮೋಟಾರ್ ನಿಲ್ಲುವುದೇ ಇಲ್ಲ; ಪಟ್ಟಿಗಳನ್ನು ಮಡಚಿ, ಶಟರ್ ಜಾರುವ ಪಕ್ಕದ ಗೈಡನ್ನು ಸೀಳಿದ ಮೇಲೆಯೇ ನಿಲ್ಲುತ್ತದೆ.

ಕಾವು ಎಲ್ಲಿ ಹೆಚ್ಚು ಕಾಡುತ್ತದೆ

ಬಹಳಷ್ಟು ಮೋಟಾರ್‌ಗಳ ಕೈಪಿಡಿಯಲ್ಲಿ ಗರಿಷ್ಠ ಉಷ್ಣಾಂಶ 50 ಅಥವಾ 55 ಡಿಗ್ರಿ ಎಂದಿರುತ್ತದೆ. ಹೊರಗೆ ನೆರಳಿನಲ್ಲಿ 40 ಡಿಗ್ರಿ ಇರುವಾಗ ತಗಡಿನ ಚಾವಣಿಗೆ ಅಡಿಯಷ್ಟು ಕೆಳಗೆ ಈ ಮಿತಿ ಮುಟ್ಟುವುದು ಕಷ್ಟವೇನಲ್ಲ, ಮೋಟಾರ್ ಕೂರುವುದೂ ಅಲ್ಲಿಯೇ. ಆದರೂ ಮನೆ ಬಳಕೆಯಲ್ಲಿ ಮೋಟಾರಿನ ಸುರುಳಿಯ ಬಗ್ಗೆ ಅಷ್ಟು ಅಂಜಬೇಕಿಲ್ಲ. ಒಂಬತ್ತು ಅಡಿ ಏರಲು ಅದು ಅರ್ಧ ನಿಮಿಷದಷ್ಟು ಓಡುತ್ತದೆ, ಆಮೇಲೆ ಗಂಟೆಗಟ್ಟಲೆ ವಿಶ್ರಾಂತಿ. ಸುರುಳಿಯ ತಂತಿಗೆ ಹೊದಿಸಿರುವ ಇನ್ಸುಲೇಷನ್ ಎಫ್ ವರ್ಗದ್ದಾದರೆ 155 ಡಿಗ್ರಿಯವರೆಗೆ, ಬಿ ವರ್ಗದ್ದು 130ರವರೆಗೆ ತಾಳುತ್ತದೆ. ಎಫ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಗೋದಾಮಿನವರ, ಸರ್ವಿಸ್ ಸ್ಟೇಷನ್‌ನವರ ಮಾತು ಬೇರೆ: ಬಿಡುವಿಲ್ಲದೆ ಏರಿಳಿಸಿದರೆ ಒಳಗಿನ ಥರ್ಮಲ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ, ಅದು ಆರುವ ತನಕ ಕಾಯದೆ ವಿಧಿಯಿಲ್ಲ. ಅಂಥವರು ಸತತವಾಗಿ ಎಷ್ಟು ನಿಮಿಷ ಓಡಿಸಬಹುದು ಎಂಬುದನ್ನು ನಾಮಫಲಕದಲ್ಲಿ ನೋಡಿಯೇ ಕೊಳ್ಳಬೇಕು.

ಕಾವಿಗೆ ಮೊದಲು ಬಲಿಯಾಗುವುದು ಮೋಟಾರನ್ನು ನಿಯಂತ್ರಿಸುವ ಕಂಟ್ರೋಲ್ ಬೋರ್ಡ್ ಮತ್ತು ಕರೆಂಟ್ ಹೋದಾಗ ಅದನ್ನು ಓಡಿಸುವ ಬ್ಯಾಟರಿ. ಬೋರ್ಡಿನ ಮೇಲೆ ನಿಂತಿರುವ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ಆಯುಷ್ಯ ಉಷ್ಣಾಂಶ ಹತ್ತು ಡಿಗ್ರಿ ಏರಿದಂತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಕಾರಣ ಬಹುಪಾಲು ಇದೇ. ಲೆಡ್ ಆ್ಯಸಿಡ್ ಬ್ಯಾಟರಿಯದೂ ಇದೇ ಗತಿ. 25 ಡಿಗ್ರಿಯಲ್ಲಿ ನಾಲ್ಕು ವರ್ಷ ಬರಬೇಕಾದದ್ದು ಸದಾ 35 ಡಿಗ್ರಿಯಲ್ಲಿದ್ದರೆ ಎರಡೇ ವರ್ಷಕ್ಕೆ ಸೋಲುತ್ತದೆ. ಆದ್ದರಿಂದ ಬೋರ್ಡಿನ ಪೆಟ್ಟಿಗೆ ಬೇರೆಯಾಗಿರುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. ಅದನ್ನು ಶೆಡ್ಡಿನ ಒಳಗೆ, ಎದೆಯೆತ್ತರದಲ್ಲಿ, ಬಿಸಿಲು ಕಡಿಮೆ ಬಡಿಯುವ ಉತ್ತರದ ಗೋಡೆಗೆ ಹಾಕಿಸಬೇಕು. ಪಶ್ಚಿಮದ ಗೋಡೆ ಬೇಡವೇ ಬೇಡ. ಬ್ಯಾಟರಿಯನ್ನು ಮೋಟಾರಿನ ಪೆಟ್ಟಿಗೆಯೊಳಗೆ ತುರುಕದೆ ಮನೆಯೊಳಗೆ ತಂದಿಟ್ಟರೆ ಆಗುವ ಖರ್ಚು ಒಂದಷ್ಟು ಮೀಟರ್ ವೈರಿನದು ಮಾತ್ರ. ಮನೆಯ ಯುಪಿಎಸ್‌ಗೇ ಜೋಡಿಸುವುದಾದರೆ ಅದು ಸೈನ್ ವೇವ್ ಯುಪಿಎಸ್ ಆಗಿರಬೇಕು. ಶುರುವಾಗುವ ಕ್ಷಣದಲ್ಲಿ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುವುದನ್ನೂ ಮರೆಯುವಂತಿಲ್ಲ.

ದೂಳು, ಗಾಳಿ, ಅರ್ಥಿಂಗ್

ಮೋಟಾರಿನ ಮೇಲಿನ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ದೂಳಿನಿಂದ, ಎರಡನೆಯದು ನೀರಿನಿಂದ ಅದಕ್ಕಿರುವ ರಕ್ಷಣೆಯನ್ನು ಹೇಳುತ್ತದೆ. ಶೆಡ್ಡಿನ ಒಳಗಾದರೆ ಐಪಿ 44 ನಡೆಯುತ್ತದೆ. ಮಣ್ಣಿನ ರಸ್ತೆಯ ಪಕ್ಕದ ಗೇಟಿನ ಮೋಟಾರಿಗೆ 54ಕ್ಕಿಂತ ಕಡಿಮೆ ಬೇಡ. ಗೈಡುಗಳಿಗೆ ಗ್ರೀಸ್ ಮೆತ್ತುವ ಅಭ್ಯಾಸವನ್ನು ಬಿಡಬೇಕು: ಬಿಸಿಲಿಗೆ ಕರಗಿದ ಗ್ರೀಸಿಗೆ ಕೆಂಪು ದೂಳು ಅಂಟಿ ಅದು ಉಪ್ಪುಕಾಗದದಂತೆ ಉಜ್ಜತೊಡಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು.

ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಚಿತ್ರದುರ್ಗದ ಗುಡ್ಡಗಳ ಸುತ್ತ ಇರುವವರಿಗೆ ಗಾಳಿಯ ಬಗ್ಗೆ ಹೇಳಬೇಕಿಲ್ಲ. ಪೂರ್ತಿ ಶೀಟ್ ಹೊಡೆದ, ಐದು ಅಡಿ ಅಗಲ, ಆರು ಅಡಿ ಎತ್ತರದ ಗೇಟಿನ ಒಂದು ರೆಕ್ಕೆಯ ಮೇಲೆ ಗಂಟೆಗೆ 54 ಕಿ.ಮೀ. ವೇಗದ ಗಾಳಿ ನೇರ ಬಡಿದರೆ ಸುಮಾರು 38 ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. ತೋಳಿನಿಂದ ತಳ್ಳುವ ಮೋಟಾರ್ ಪ್ರತಿ ಸಲವೂ ಅದರ ಎದುರು ಸೆಣಸಬೇಕು. ಅಂಥಲ್ಲಿ ಗೋಡೆಯ ಗುಂಟ ಸರಿಯುವ ಗೇಟೇ ಲೇಸು. ತೆರೆಯುವ ಗೇಟೇ ಬೇಕೆಂದಾದರೆ ಶೀಟಿನ ಬದಲು ಸರಳುಗಳನ್ನು ಹಾಕಿಸಬೇಕು. ಸರಿಯುವ ಗೇಟಿನಲ್ಲಿ ಮೋಟಾರಿನ ಹಲ್ಲುಗಾಲಿಗೂ ಮೇಲಿನ ಹಲ್ಲುಪಟ್ಟಿಗೂ ನಡುವೆ ಒಂದೂವರೆ ಮಿ.ಮೀ.ಯಷ್ಟು ಸಂದು ಬಿಟ್ಟಿರುವುದನ್ನು ಖಚಿತಪಡಿಸಿಕೊಳ್ಳಿ. ಗೇಟಿನ ಭಾರ ಚಕ್ರಗಳ ಮೇಲಿರಬೇಕೇ ಹೊರತು ಮೋಟಾರಿನ ಮೇಲಲ್ಲ.

ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ ಬೋರ್ಡ್ ಸುಡುವುದು ಈ ಕಡೆ ಸಾಮಾನ್ಯ ದೂರು. ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೂ ಅದು ಕೆಲಸ ಮಾಡಲು ಅರ್ಥಿಂಗ್ ಚೆನ್ನಾಗಿರಬೇಕು. ಕಲ್ಲುನೆಲದಲ್ಲಿ, ಮಣ್ಣು ಒಣಗಿ ಬಿರಿದಿರುವ ಕಾಲದಲ್ಲಿ ಅರ್ಥಿಂಗ್ ಸೋಲುವುದು ಸಹಜ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿಸಬೇಕು.

ಸುರಕ್ಷತೆ ಮತ್ತು ಕೊನೆಯ ಪರೀಕ್ಷೆ

ಶಟರಿನ ದಾರಿಯಲ್ಲಿ ಮಗುವೋ ನಾಯಿಯೋ ಬಂದರೆ ತಡೆಯುವ ಫೋಟೊ ಸೆನ್ಸರನ್ನು ಇಲ್ಲಿ ‘ಎಕ್ಸ್‌ಟ್ರಾ’ ಎಂದು ಬಿಟ್ಟುಬಿಡುತ್ತಾರೆ. ಅಮೆರಿಕದಲ್ಲಿ ಮನೆ ಗ್ಯಾರೇಜಿನ ಮೋಟಾರ್‌ಗಳಿಗೆ 1993ರಿಂದಲೇ ಇಂಥ ರಕ್ಷಣೆ ಕಡ್ಡಾಯವಾಗಿದೆ. ಬೇರೆಲ್ಲಿಯಾದರೂ ಹಣ ಉಳಿಸಿ, ಇಲ್ಲಿ ಬೇಡ. ಜೋಡಿಸುವಾಗ ಕಿರಣ ಹಿಡಿಯುವ ಕಣ್ಣಿಗೆ ಸಂಜೆಯ ಬಿಸಿಲು ನೇರ ಬೀಳದಂತೆ ಅದನ್ನು ಪಶ್ಚಿಮದ ಬದಿಯ ಕಂಬಕ್ಕೆ ಪೂರ್ವಮುಖವಾಗಿ, ಕಿರಣ ಬಿಡುವುದನ್ನು ಎದುರು ಕಂಬಕ್ಕೆ ಹಾಕಿಸಬೇಕು. ರಿಮೋಟ್ ಪ್ರತಿ ಬಾರಿಯೂ ಸಂಕೇತ ಬದಲಿಸುವ ರೋಲಿಂಗ್ ಕೋಡ್‌ನದಾಗಿರಲಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅದನ್ನು ಬಿಡುವುದು ಬೇಡ.

ಕೂರಿಸುವವರು ಬೆಳಿಗ್ಗೆ ಕೆಲಸ ಮುಗಿಸಿ, ಒಮ್ಮೆ ಏರಿಳಿಸಿ ತೋರಿಸಿ ಹೊರಡುವುದು ವಾಡಿಕೆ. ಬಾಕಿ ಹಣ ಕೊಡುವ ಮೊದಲು ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ನಾಲ್ಕೈದು ಬಾರಿ ಓಡಿಸಿ ನೋಡಿ. ಆಮೇಲೆ ಮೇನ್ ಆಫ್ ಮಾಡಿ, ಕೈ ಚೈನಿನಿಂದಲೋ ಮೋಟಾರಿನ ಹಿಡಿತ ಬಿಡಿಸುವ ಕೀಲಿಯಿಂದಲೋ ಮನೆಯ ಹಿರಿಯರೊಬ್ಬರು ಶಟರನ್ನು ಎತ್ತಬಲ್ಲರೇ ಎಂಬುದನ್ನು ಅವರ ಕೈಯಲ್ಲೇ ಮಾಡಿಸಿ ನೋಡಬೇಕು. ವಾರಂಟಿ ಚೀಟಿಯಲ್ಲಿ ಮೋಟಾರಿನ ಜೊತೆಗೆ ಬೋರ್ಡಿನ ಅವಧಿಯನ್ನೂ ಬೇರೆಯಾಗಿ ಬರೆಸಿ, ಅಂಗಡಿಯ ಸೀಲು ಹಾಕಿಸಿಕೊಳ್ಳಬೇಕು.