ಬೇಸ್ ಕೋಟ್‌ನಡಿಯಿಂದ ಎದ್ದ ಗೀರುಗಳು: ಒಂದು ಬೆಳ್ಳಿ ಬಣ್ಣದ ಬಾಗಿಲನ್ನು ನಾನು ಸರಿಪಡಿಸಿದ ಬಗೆ

ಬೆಳ್ಳಿ ಮೆಟಾಲಿಕ್ ಬಣ್ಣದ ಹ್ಯಾಚ್‌ಬ್ಯಾಕ್ ಒಂದರ ಮುಂಬಾಗಿಲಿಗೆ ಬೇರೊಂದು ಗ್ಯಾರೇಜಿನಲ್ಲಿ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದ್ದರು. ಗಾಡಿ ಕೈಸೇರಿದಾಗ ಕನ್ನಡಿಯಂತಿದ್ದ ಬಾಗಿಲಲ್ಲಿ ಕೆಲವು ವಾರಗಳ ಬಳಿಕ ಓರೆಗೀರುಗಳೂ, ಹಿಡಿಕೆಯ ಕೆಳಗೆ ಪುಟ್ಟಿಯ ಅಂಚನ್ನು ಎತ್ತಿ ತೋರಿಸುವ ಒಂದು ಬಳೆಯಾಕಾರದ ಗೆರೆಯೂ ಮೂಡಿದವೆಂದು ಮಾಲೀಕರು ಅದನ್ನು ನನ್ನಲ್ಲಿಗೆ ತಂದರು. ಪಾಲಿಶ್ ಹಾಕಿ ತೆಗೆದುಕೊಟ್ಟರೆ ಸಾಕು ಎಂಬುದು ಅವರ ಕೋರಿಕೆಯಾಗಿತ್ತು. ಆದರೆ ಬಾಗಿಲ ಮೇಲೆ ಉಗುರಾಡಿಸಿದರೆ ಅದು ಎಲ್ಲಿಯೂ ತಡೆಯುತ್ತಿರಲಿಲ್ಲ. ಗೀರು ಎಲ್ಲಕ್ಕೂ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನ ಮೇಲಿರಲಿಲ್ಲ, ಅದರ ಅಡಿಯಲ್ಲಿತ್ತು. ಅಂಥ ಗೀರಿಗೆ ಬಫಿಂಗ್ ಮಾಡಿದರೆ ಕ್ಲಿಯರ್ ಸವೆಯುತ್ತದೆಯೇ ಹೊರತು ಗೀರು ಹೋಗುವುದಿಲ್ಲವೆಂದು ಅವರಿಗೆ ಮೊದಲೇ ತಿಳಿಸಿದೆ.

ಕ್ಲಿಯರ್‌ನ ಅಡಿಯಲ್ಲಿ ಬಣ್ಣ ಕೊಡುವ ಪದರವಾದ ಬೇಸ್ ಕೋಟ್ ಯಾವ ಗೀರನ್ನೂ ತುಂಬುವುದಿಲ್ಲ. ಒಣಗಿದ ಮೇಲೆ ಅದರ ದಪ್ಪ ಸಾಮಾನ್ಯವಾಗಿ 15ರಿಂದ 25 ಮೈಕ್ರಾನ್ ಮಾತ್ರ. ಪಿ240 ಉಜ್ಜುಕಾಗದದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಹರಳಿನ ಸರಾಸರಿ ಗಾತ್ರವೇ 58 ಮೈಕ್ರಾನಿನಷ್ಟಿರುತ್ತದೆ, ಪಿ800ರದ್ದು 22ರ ಆಸುಪಾಸು. ಇದರ ಜೊತೆಗೆ ಬೇಸ್ ಕೋಟ್‌ನಲ್ಲಿರುವ ತಿನ್ನರ್ ಗೀರಿನ ಬದಿಗಳಿಗೆ ಇಳಿದು ಬಣ್ಣದಡಿಯ ಪದರವಾದ ಪ್ರೈಮರನ್ನು ಉಬ್ಬಿಸುತ್ತದೆ, ಅದು ಆರಿಹೋದಂತೆಲ್ಲ ಪದರ ಕುಗ್ಗಿ ಗೀರಿನೊಳಕ್ಕೆ ಕುಸಿಯುತ್ತದೆ. ಹೊಡೆದ ದಿನ ಕಾಣದ ಗೀರು ತಡವಾಗಿ ಮೇಲೇಳುವುದು ಹೀಗೆ. ಬೆಳ್ಳಿ ಬಣ್ಣದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಮಟ್ಟಸವಾಗಿ ಮಲಗಬೇಕಾದ ಅಲ್ಯೂಮಿನಿಯಂ ಚೂರುಗಳು ಗೀರಿನ ಇಳಿಜಾರಿನಲ್ಲಿ ಓರೆಯಾಗಿ ನಿಲ್ಲುವುದರಿಂದ ಅದೇ ಗೆರೆ ಒಂದು ಕೋನದಿಂದ ಕಪ್ಪಾಗಿಯೂ ಮತ್ತೊಂದು ಕೋನದಿಂದ ಬಿಳುಪಾಗಿಯೂ ತೋರುತ್ತದೆ.

ಗೀರಿನ ಆಕಾರವನ್ನು ನೋಡಿದರೆ ಅದು ಯಾವ ಹಂತದಲ್ಲಿ ಬಿದ್ದದ್ದೆಂದು ಬಹುಮಟ್ಟಿಗೆ ಊಹಿಸಬಹುದು. ಹಂದಿಬಾಲದಂತೆ ಸುರುಳಿ ಸುತ್ತಿದ್ದರೆ ಅದು ಸ್ಯಾಂಡರ್ ಯಂತ್ರದ ಕೆಲಸ. ಈ ಬಾಗಿಲಲ್ಲಿದ್ದಂತೆ ನೇರವಾಗಿದ್ದರೆ ಕೈಯಲ್ಲಿ ಉಜ್ಜಿದ್ದು. ಬಳೆಯಾಕಾರದ ಗೆರೆಯ ಮೇಲಿನ ಬಣ್ಣವನ್ನು ಪಿ320ರಲ್ಲಿ ಇಳಿಸಿ, ತಿನ್ನರ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಅಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಬಟ್ಟೆಗೆ ಬೂದು ಬಣ್ಣ ಹತ್ತಿತು, ಅಂಚು ಮೆತ್ತಗಾಗಿ ಸುಕ್ಕುಗಟ್ಟಿತು. ಸರಿಯಾಗಿ ಗಟ್ಟಿಯಾದ 2ಕೆ (ಹಾರ್ಡನರ್ ಬೆರೆಸಿ ಹೊಡೆಯುವ) ಪ್ರೈಮರ್ ಹೀಗೆ ಕರಗುವುದಿಲ್ಲ. ಅಲ್ಲಿದ್ದದ್ದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ. ಅಗ್ಗವಾದ, ಬೇಗ ಆರುವ, ಸಣ್ಣ ಗುಳಿಗಳಿಗೆ ಅನುಕೂಲವಾದ ವಸ್ತುವೇ ಸರಿ, ಆದರೆ ತಿನ್ನರ್ ಸೋಕಿದೊಡನೆ ಮತ್ತೆ ಜೀವ ಪಡೆಯುವ ಪದಾರ್ಥವನ್ನು ಮೆಟಾಲಿಕ್‌ನ ಅಡಿಯಲ್ಲಿ ಅಗಲವಾಗಿ ಎಳೆಯುವುದನ್ನು ನಾನು ಒಪ್ಪುವುದಿಲ್ಲ.

ಹಾಗಾಗಿ ಅದನ್ನು ಪೂರ್ತಿ ಕೆರೆದು ತೆಗೆದೆ. ಅದರಡಿಯ ಪಾಲಿಯೆಸ್ಟರ್ ಪುಟ್ಟಿಯಲ್ಲಿ ಪಿ80 ಕಾಗದದ ಗೀರುಗಳು ಹಾಗೆಯೇ ಇದ್ದವು. ಅವನ್ನು ಪಿ180, ಪಿ240ರಲ್ಲಿ ಬ್ಲಾಕ್ ಹಿಡಿದು ತೆಗೆದು, ಹಳೆಯ ಬಣ್ಣದ ಪದರಗಳು ಒಂದರೊಳಗೊಂದು ಬೆರೆಯುವಷ್ಟು ಅಗಲಕ್ಕೆ ಅಂಚನ್ನು ಪಿ320ರಲ್ಲಿ ಇಳಿಜಾರು ಮಾಡಿದೆ. ಬರಿಯ ಪುಟ್ಟಿ ನೀರು ಕುಡಿದರೆ ಮುಂದೆ ಗುಳ್ಳೆಗಳೇಳುವುದರಿಂದ ಇದೆಲ್ಲವನ್ನೂ ಒಣಗಿಯೇ ಉಜ್ಜಬೇಕು. ಕಾಗದ ಬದಲಿಸುವಾಗ ಹಿಂದಿನ ಕಾಗದದ ಗೀರುಗಳು ಪೂರ್ತಿ ಹೋದವೇ ಎಂಬುದನ್ನೂ, ಕಾಗದದ ಬೆನ್ನಿನಲ್ಲಿ ಸಂಖ್ಯೆಗೆ ಮೊದಲು ‘ಪಿ’ ಇದೆಯೇ ಎಂಬುದನ್ನೂ ನೋಡುವುದು ಅಗತ್ಯ. ‘ಪಿ’ ಇಲ್ಲದ ಅಮೆರಿಕನ್ ಅಳತೆಯ 400 ನಂಬರಿನ ಕಾಗದ ಹೆಚ್ಚುಕಡಿಮೆ ಪಿ800ಕ್ಕೆ ಸಮ. ಎರಡನ್ನೂ ಒಂದೇ ಕಪಾಟಿನಲ್ಲಿ ಬೆರೆಸಿಟ್ಟರೆ ಯಾವ ಗೀರು ಎಲ್ಲಿಂದ ಬಂತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ತಗಡು ಕಂಡ ಕಡೆ ತೆಳುವಾಗಿ ಎಪಾಕ್ಸಿ ಪ್ರೈಮರ್ ಹೊಡೆದು, ಅದು ಆರಿದ ಮೇಲೆ ಗೀರು ತುಂಬಿ ಮಟ್ಟ ಮಾಡಲು ನೆರವಾಗುವ ದಪ್ಪ ಪ್ರೈಮರಾದ 2ಕೆ ಸರ್ಫೇಸರನ್ನು ಮೂರು ಕೋಟ್ ಕೊಟ್ಟೆ. ಮೊದಲ ಕೋಟ್ ಸರಿಪಡಿಸಿದ ಜಾಗಕ್ಕೆ ಮಾತ್ರ, ನಂತರದವು ಒಂದಕ್ಕಿಂತ ಒಂದು ಅಗಲ. ಪ್ರತಿ ಕೋಟಿನ ಹೊಳಪು ಅಡಗುವವರೆಗೆ ಮುಂದಿನದನ್ನು ಹೊಡೆಯಲಿಲ್ಲ. ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟ್ ಇರುವುದರಿಂದ ಮೂಗಿಗೆ ಬರೀ ಬಟ್ಟೆ ಕಟ್ಟಿಕೊಂಡು ಗನ್ ಹಿಡಿಯುವ ಅಭ್ಯಾಸವನ್ನು ನಮ್ಮವರು ಬಿಡಬೇಕು. ನನ್ನಲ್ಲಿ ಬಿಸಿಯಿಂದ ಬೇಗ ಆರಿಸುವ ಬಣ್ಣದ ಕೋಣೆ (ಬೂತ್) ಇದ್ದರೂ ಸರ್ಫೇಸರನ್ನು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ, ತಗ್ಗುಗಳನ್ನು ತೋರಿಸಿಕೊಡುವ ಕಪ್ಪು ಗೈಡ್ ಕೋಟನ್ನು ಮಂಜಿನಂತೆ ಹಾಯಿಸಿ ಪಿ400ರಿಂದ ಉಜ್ಜತೊಡಗಿದಾಗ, ಬಯಲಿನ ಕಪ್ಪೆಲ್ಲ ಹೋಗಿ ಎರಡು ಗೀರುಗಳಲ್ಲಿ ಮಾತ್ರ ಕೂದಲೆಳೆಯಷ್ಟು ಕಪ್ಪು ಉಳಿಯಿತು. ಅಲ್ಲಿಯೇ ಒತ್ತಿ ಉಜ್ಜಿದರೆ ತಗ್ಗು ಬೀಳುತ್ತದೆ. ಸುತ್ತಲಿನ ಮಟ್ಟವನ್ನೇ ಇಳಿಸುತ್ತ ಅವು ಅಳಿಯುವವರೆಗೆ ಹೋಗಿ, ಮತ್ತೆ ಗೈಡ್ ಕೋಟ್ ಹಾಕಿ ಪಿ600, ಕೊನೆಗೆ ನೀರಿನಲ್ಲಿ ಪಿ800 ಹಿಡಿದೆ. ಗಾಢವಲ್ಲದ ಸಾಲಿಡ್ (ಲೋಹದ ಚೂರುಗಳಿಲ್ಲದ) ಬಣ್ಣಕ್ಕೆ ಪಿ600 ಸಾಕಾಗುತ್ತದೆ, ಬೆಳ್ಳಿಗೆ ಸಾಲದು.

ಬೇಸ್ ಕೋಟನ್ನು ತೋಯುವಂತೆ ಹೊಡೆಯದೆ, ಮೊದಲನೆಯದನ್ನು ತೆಳುವಾಗಿಯೂ ಮುಂದಿನವನ್ನು ಮಧ್ಯಮವಾಗಿಯೂ, ಪ್ರತಿ ಸಲ ಮೇಲ್ಮೈ ಪೂರ್ತಿ ಮಂಕಾದ ಮೇಲೆಯೇ ಹೊಡೆದೆ. ತಿನ್ನರನ್ನು ಆ ದಿನದ ಬಿಸಿಲಿಗೆ ಹೊಂದುವಂತೆ ಆರಿಸಿಕೊಂಡೆ. ಅಗತ್ಯಕ್ಕಿಂತ ನಿಧಾನವಾಗಿ ಆರುವ ತಿನ್ನರ್ ಹೆಚ್ಚು ಹೊತ್ತು ನಿಂತು ಕೆಳಗಿಳಿಯುತ್ತದೆ. ಬಣ್ಣದ ವ್ಯತ್ಯಾಸ ಕಾಣದಿರಲೆಂದು ಪಕ್ಕದ ಫೆಂಡರ್‌ನ ಅಂಚಿನವರೆಗೂ ಬೇಸ್ ಕೋಟನ್ನು ಬೆರೆಸಿ, ಎರಡೂ ಪ್ಯಾನೆಲ್‌ಗಳಿಗೆ ಪೂರ್ತಿಯಾಗಿ ಕ್ಲಿಯರ್ ಕೊಟ್ಟೆ.

ಇದೇ ದೋಷ ಕ್ಲಿಯರ್ ಹೊಡೆಯುವ ಮೊದಲೇ ಕಣ್ಣಿಗೆ ಬಿದ್ದರೆ ಇಷ್ಟು ಕೆಲಸ ಬೇಕಿಲ್ಲ. ಬೇಸ್ ಕೋಟ್ ಮಂಕಾಗಿದ್ದಾಗ ಗೀರು ಮರೆಯಾಗುವುದರಿಂದ ನಾನು ಟಾರ್ಚನ್ನು ಪ್ಯಾನೆಲ್‌ಗೆ ಬಹುತೇಕ ತಾಗಿಸಿ ಅಡ್ಡಲಾಗಿ ಬೆಳಕು ಹಾಯಿಸಿ ನೋಡುತ್ತೇನೆ. ಸಣ್ಣ ಗೀರಾಗಿದ್ದರೆ ಬೇಸ್ ಕೋಟ್ ಚೆನ್ನಾಗಿ ಆರಿದ ಮೇಲೆ ಪಿ1000ದಲ್ಲಿ ಮೆಲ್ಲಗೆ ಮಟ್ಟ ಮಾಡಿ, ಒರೆಸಿ, ಅಷ್ಟಗಲಕ್ಕೆ ತೆಳುವಾದ ಎರಡು ಕೋಟ್ ಕೊಟ್ಟು, ಕೊನೆಗೆ ಗನ್ ದೂರ ಹಿಡಿದು ಇಡೀ ಪ್ಯಾನೆಲ್‌ಗೆ ಒಂದು ಒಣ ಕೋಟ್ ಹಾಯಿಸಿದರೆ ಚೂರುಗಳು ಒಂದೇ ಸಮನಾಗಿ ಕೂರುತ್ತವೆ. ಗೀರು ಆಗಲೂ ಇಣುಕಿದರೆ ಮತ್ತೆ ಬಣ್ಣ ಸುರಿಯುವುದರಲ್ಲಿ ಪ್ರಯೋಜನವಿಲ್ಲ. ಆ ಪ್ಯಾನೆಲನ್ನು ಸರ್ಫೇಸರ್ ಹಂತಕ್ಕೇ ಹಿಂದಕ್ಕೊಯ್ಯುತ್ತೇನೆ.