ಸಿಬಿಲ್ 561ರಿಂದ 734ಕ್ಕೆ: ಹಳೇ ಸಾಲ ಮುಗಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮುಖ್ಯ ಕೆಲಸ ಶಾಲೆಯ ಯೂನಿಫಾರ್ಮ್. ಏಪ್ರಿಲ್‌ನಿಂದ ಜುಲೈವರೆಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಉಳಿದ ತಿಂಗಳು ಬ್ಲೌಸು, ಫಾಲ್ಸು, ಆಲ್ಟ್ರೇಷನ್ ಅಂತ ಸಾಗುತ್ತದೆ. 2019ರಲ್ಲಿ ಎರಡು ಪವರ್ ಮೆಷಿನ್, ಒಂದು ಓವರ್‌ಲಾಕ್ ಕೊಳ್ಳಲು ಒಂದು ಫೈನಾನ್ಸ್ ಕಂಪನಿಯಿಂದ 1,20,000 ರೂಪಾಯಿ ಪರ್ಸನಲ್ ಲೋನ್ ತೆಗೆದೆ. ಒಂದು ಕ್ರೆಡಿಟ್ ಕಾರ್ಡ್ ಇತ್ತು. ಮನೆಗೆ ಫ್ರಿಜ್ ಕೂಡ ಕಂತಿನ ಮೇಲೆ ಬಂದಿತ್ತು. ಆಗ ಯಾವುದೂ ಭಾರ ಅನ್ನಿಸಿರಲಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಯೂನಿಫಾರ್ಮ್ ಆರ್ಡರ್ ಪೂರ್ತಿ ನಿಂತಿತು. ರಿಸರ್ವ್ ಬ್ಯಾಂಕ್ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಕಂತು ಇಲ್ಲ ಅಂದರೆ ಬಡ್ಡಿಯೂ ಇಲ್ಲ ಅಂದುಕೊಂಡೆ. ಬಡ್ಡಿ ಸೇರುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಕಂತು ಮತ್ತೆ ಶುರುವಾಯಿತು, ಶಾಲೆ ಮಾತ್ರ ಶುರುವಾಗಲಿಲ್ಲ. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಬಂದದ್ದು 2021ರ ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ನಾನು ಫೋನ್ ಎತ್ತುವುದನ್ನೇ ಬಿಟ್ಟಿದ್ದೆ.

2023ರಲ್ಲಿ ಕೆಲಸ ಮೊದಲಿನಂತಾಯಿತು. ಒಂದು ಎಂಬ್ರಾಯ್ಡರಿ ಮೆಷಿನ್ ಬೇಕಿತ್ತು. ಲೋನ್ ಕೇಳಲು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ, "ಮೇಡಂ, ನಿಮ್ಮ ಸಿಬಿಲ್ 561 ಇದೆ. ಈಗ ಆಗಲ್ಲ. ಹಳೇದು ಮುಗಿಸಿಕೊಂಡು ಬನ್ನಿ" ಅಂದರು. ಸಿಬಿಲ್ ಅಂದರೆ ನಾವು ಸಾಲ ಹೇಗೆ ಕಟ್ಟಿದ್ದೇವೆ ಅಂತ ನೋಡಿ ಕೊಡುವ ಅಂಕ. ಬೈಯಲಿಲ್ಲ, ಮೆಲ್ಲಗೇ ಹೇಳಿದರು. ಆದರೂ ಮನೆಗೆ ಬರುವ ದಾರಿಯಲ್ಲಿ ಕಣ್ಣು ತುಂಬಿತ್ತು. ಆ ವಾರವೇ ನಾನು ಒಂದು ತಪ್ಪು ಮಾಡಿದೆ. ಸಿಟ್ಟಿನಲ್ಲಿ ಮೂರು ಲೋನ್ ಆ್ಯಪ್‌ಗಳಲ್ಲಿ ಅರ್ಜಿ ಹಾಕಿದೆ. ಮೂರೂ ತಿರಸ್ಕಾರವಾದವು. ಅರ್ಜಿ ಹಾಕಿದಾಗ ಸಾಲ ಕೊಡುವವರು ನಮ್ಮ ಸಾಲದ ವರದಿ ತೆಗೆದು ನೋಡುತ್ತಾರೆ. ಹಾಗೆ ನೋಡಿದ ಮೂರು ದಾಖಲೆಗಳೂ ನನ್ನ ವರದಿಯಲ್ಲಿ ಕೂತವು.

ಆಮೇಲೆ ನನ್ನ ತಮ್ಮ ಬಂದು ಕೂತ. "ಅಕ್ಕಾ, ಮೊದಲು ನಿನ್ನ ರಿಪೋರ್ಟ್ ನೋಡು. ಯಾರಿಗೆ ಎಷ್ಟು ಕೊಡಬೇಕು ಅಂತ ನಿನಗೇ ಗೊತ್ತಿಲ್ಲ" ಅಂದ. ನಿಜವೇ. ಸಾಲದ ಲೆಕ್ಕ ನನ್ನ ತಲೆಯಲ್ಲಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ.

ನಮ್ಮ ದೇಶದಲ್ಲಿ ಈ ಲೆಕ್ಕ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ನಮ್ಮ ವರದಿ ನಾವೇ ನೋಡಿಕೊಂಡರೆ ಅಂಕ ಕಡಿಮೆಯಾಗುವುದಿಲ್ಲ. ಅಂಕ 300ರಿಂದ 900ರವರೆಗೆ ಇರುತ್ತದೆ. ನಾನು ನಾಲ್ಕನ್ನೂ ತೆಗೆಸಿ ಪ್ರಿಂಟ್ ಹಾಕಿಸಿ, ಕೆಂಪು ಪೆನ್ನು ಹಿಡಿದು ಕೂತೆ. ದಯವಿಟ್ಟು ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲಿ ಕಣ್ಣು ಅಂಕದ ಮೇಲೇ ಹೋಗುತ್ತದೆ, ಒಳಗಿನ ಸಾಲು ಓದಲು ಕಷ್ಟ.

ಪ್ರತಿ ಸಾಲದ ಕೆಳಗೆ ತಿಂಗಳ ಲೆಕ್ಕದಲ್ಲಿ ಪುಟ್ಟ ಚೌಕಗಳು ಇರುತ್ತವೆ. ಅದಕ್ಕೆ ಡಿಪಿಡಿ ಅಂತ ಹೆಸರು. ಕಂತು ಎಷ್ಟು ದಿನ ತಡವಾಗಿದೆ ಅನ್ನುವುದು ಅಲ್ಲಿ ಇರುತ್ತದೆ. 000 ಇದ್ದರೆ ಸರಿಯಾಗಿ ಕಟ್ಟಿದ್ದೀರಿ ಅಂತ. ನನ್ನದರಲ್ಲಿ 30, 60, 90 ಅಂತ ಮೇಲೇರುತ್ತಾ ಹೋಗಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಫ್ರಿಜ್. ಅದನ್ನು ಪೂರ್ತಿ ಕಟ್ಟಿ ಮುಗಿಸಿದ್ದೇನೆ ಅಂತಲೇ ನಂಬಿದ್ದೆ. ಆದರೆ ಒಂದು ಕಂತು ಬೌನ್ಸ್ ಆಗಿತ್ತಂತೆ. ಅದಕ್ಕೆ 500 ರೂಪಾಯಿ ಚಾರ್ಜು, 90 ರೂಪಾಯಿ ಜಿಎಸ್‌ಟಿ. ಈ 590 ರೂಪಾಯಿಗಾಗಿ ಆ ಲೋನ್ ಇನ್ನೂ ತೆರೆದೇ ಇತ್ತು, ತಿಂಗಳು ತಿಂಗಳೂ ಬಾಕಿ ಅಂತ ತೋರಿಸುತ್ತಿತ್ತು. ಕಂಪನಿಯ ಶಾಖೆಗೆ ಹೋಗಿ ಕಟ್ಟಿ, ರಸೀದಿ ತೆಗೆದುಕೊಂಡು, ಎನ್‌ಒಸಿ, ಅಂದರೆ ಸಾಲ ಬಾಕಿ ಇಲ್ಲ ಅನ್ನುವ ಪತ್ರ ಕೇಳಿದೆ. ಮುಂದಿನ ತಿಂಗಳು ಆ ಸಾಲು 'ಕ್ಲೋಸ್ಡ್' ಆಯಿತು. ನಿಮ್ಮ ವರದಿಯಲ್ಲೂ ಇಂಥದ್ದೊಂದು ಇರಬಹುದು, ಹುಡುಕಿ ನೋಡಿ.

ದೊಡ್ಡವು ಎರಡು ಉಳಿದವು. ಪರ್ಸನಲ್ ಲೋನ್‌ಗೆ ದಂಡ ಸೇರಿ 71,300 ಕೇಳುತ್ತಿದ್ದರು. ಕಾರ್ಡಿನ 34,000 ಬಾಕಿ ಬೆಳೆದು 92,000 ಆಗಿತ್ತು. ಕಾರ್ಡಿಗೆ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ, ಜೊತೆಗೆ ತಡದ ದಂಡ. ವರದಿಯಲ್ಲಿ ಕಾರ್ಡಿನ ಮುಂದೆ 'ರಿಟನ್ ಆಫ್' ಅಂತ ಇತ್ತು. ಅದನ್ನು ನೋಡಿ ಸಾಲ ಮನ್ನಾ ಆಯಿತು ಅಂತ ಒಂದು ಕ್ಷಣ ಖುಷಿಪಟ್ಟೆ. ಅದು ಮನ್ನಾ ಅಲ್ಲ. ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟ ಅಂತ ಬರೆದುಕೊಂಡಿದೆ ಅಷ್ಟೇ. ನಮ್ಮ ಮೇಲೆ ಸಾಲ ಹಾಗೇ ಇರುತ್ತದೆ.

ಪರಿಚಯದವರೊಬ್ಬರು, "ಮೂರು ವರ್ಷ ತಳ್ಳಿಬಿಡಿ, ಆಮೇಲೆ ಏನೂ ಮಾಡಕ್ಕಾಗಲ್ಲ" ಅಂದರು. ಇದು ಅರ್ಧ ಮಾತ್ರ ನಿಜ. ಇಂಥ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು ಇದೆ. ಆದರೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಸುಪ್ರೀಂ ಕೋರ್ಟ್ ಆ ಲೆಕ್ಕದಿಂದ ತೆಗೆದುಹಾಕಿತ್ತು. ಗಡುವು ಮುಗಿದರೂ ವರದಿಯ ಸಾಲು ತಾನಾಗಿ ಅಳಿಸುವುದಿಲ್ಲ. ನನಗೆ ಬೇಕಿದ್ದದ್ದು ಮೆಷಿನ್, ತಪ್ಪಿಸಿಕೊಳ್ಳುವ ದಾರಿ ಅಲ್ಲ. ಇನ್ನೊಬ್ಬ ಐದು ಸಾವಿರ ಕೊಟ್ಟರೆ ಸಿಬಿಲ್ 750 ಮಾಡಿಸುತ್ತೇನೆ ಅಂದ. ಸರಿಯಾಗಿರುವ ಮಾಹಿತಿಯನ್ನು ದುಡ್ಡು ಕೊಟ್ಟು ಅಳಿಸಲು ಯಾರಿಂದಲೂ ಆಗುವುದಿಲ್ಲ. ಇಂಥವರಿಗೆ ನಿಮ್ಮ ಪ್ಯಾನ್, ಓಟಿಪಿ ಕೊಡಬೇಡಿ.

ಫೈನಾನ್ಸ್ ಕಂಪನಿಯ ವಸೂಲಿ ಹುಡುಗ ದಿನಾ ಫೋನ್ ಮಾಡುತ್ತಿದ್ದ. ಒಮ್ಮೆ ನಮ್ಮ ನಾದಿನಿಗೂ ಮಾಡಿದ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಮನೆಯವರನ್ನು, ನೆಂಟರನ್ನು ಕಾಡುವ ಹಾಗೂ ಇಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ನಾನು ಕರೆಗಳ ದಿನ, ಹೊತ್ತು ಬರೆದಿಟ್ಟು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಹಾಕಿದೆ. ಕಾಟ ನಿಂತಿತು. ಮೂವತ್ತು ದಿನದಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ದೂರು ಕೊಡಬಹುದು. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ಆ ಹುಡುಗ ಒಂದು ದಿನ, "ಮೇಡಂ, ಇವತ್ತು 35 ಸಾವಿರ ಗೂಗಲ್ ಪೇ ಮಾಡಿ, ಮುಗಿಸಿಬಿಡ್ತೀನಿ" ಅಂದ. ಆಸೆಯಾಯಿತು. ತಮ್ಮ ತಡೆದ. ಅಲ್ಲಿಂದ ನಾನು ಹಿಡಿದ ಪಟ್ಟು ಒಂದೇ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಪತ್ರ ಬರದೆ ಒಂದು ರೂಪಾಯಿಯೂ ಕಟ್ಟುವುದಿಲ್ಲ. ಪತ್ರದಲ್ಲಿ ಲೋನ್ ನಂಬರ್, ಕಟ್ಟಬೇಕಾದ ಮೊತ್ತ, ಕೊನೇ ದಿನ, ಆಮೇಲೆ ಸಿಬಿಲ್‌ಗೆ ಏನಂತ ಕಳಿಸುತ್ತಾರೆ ಅನ್ನುವುದು ಇರಬೇಕು. ದುಡ್ಡು ಹೋಗುವುದು ಕಂಪನಿಯ ಖಾತೆಗೇ, ಯಾರ ಸ್ವಂತ ನಂಬರಿಗೂ ಅಲ್ಲ. ಹಳೇ ಸಾಲವನ್ನು ಬ್ಯಾಂಕುಗಳು ಬೇರೆ ಕಂಪನಿಗೆ ಮಾರುವುದೂ ಉಂಟು. ಆಗ ಯಾರಿಗೆ ಕಟ್ಟಬೇಕು ಅನ್ನುವುದನ್ನೂ ಬರಹದಲ್ಲೇ ಕೇಳಿ.

'ಸೆಟಲ್ಡ್' ಬೇರೆ, 'ಕ್ಲೋಸ್ಡ್' ಬೇರೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕೊಡಬೇಕಾದ್ದರಲ್ಲಿ ಒಂದು ಭಾಗ ಬಿಟ್ಟುಕೊಟ್ಟು ಮುಗಿಸಿದರೆ ವರದಿಯಲ್ಲಿ ಸೆಟಲ್ಡ್ ಅಂತ ಬರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂಜರಿಯುತ್ತಾರೆ. ಪೂರ್ತಿ ಕಟ್ಟಿದರೆ ಕ್ಲೋಸ್ಡ್. ಪರ್ಸನಲ್ ಲೋನ್‌ಗೆ ನಾನು ಕ್ಲೋಸ್ಡ್ ಬೇಕೇ ಬೇಕು ಅಂತ ಕೂತೆ. ಅಸಲು, ಬಡ್ಡಿ ಪೂರ್ತಿ ಕೊಡುತ್ತೇನೆ, ದಂಡ ಮಾತ್ರ ಬಿಡಿ ಅಂದೆ. ಮೂರು ಸಲ ಓಡಾಡಿದ ಮೇಲೆ 60,000ಕ್ಕೆ ಒಪ್ಪಿದರು. ತಿಂಗಳಿಗೆ 5,000ದಂತೆ ಹನ್ನೆರಡು ಕಂತು. ಮುಗಿದ ಮೇಲೆ ಕ್ಲೋಸ್ಡ್ ಅಂತ ಕಳಿಸುತ್ತೇವೆ ಎಂದು ಪತ್ರದಲ್ಲೇ ಬರೆದುಕೊಟ್ಟರು. 2023ರ ಜುಲೈನಲ್ಲಿ ಶುರು ಮಾಡಿದೆ. ಡಿಸೆಂಬರ್, ಜನವರಿಯಲ್ಲಿ ತುಂಬಾ ಕಷ್ಟವಾಯಿತು. ರಾತ್ರಿ ಹನ್ನೊಂದರವರೆಗೆ ನೈಟಿ ಹೊಲಿದು ಕಟ್ಟಿದೆ.

ಕಾರ್ಡಿನ 92,000 ಮಾತ್ರ ನನ್ನ ಕೈಮೀರಿದ್ದು. 2024ರಲ್ಲಿ ಲೋಕ ಅದಾಲತ್‌ನಿಂದ ನೋಟಿಸ್ ಬಂತು. ಕೋರ್ಟಿನ ಸೀಲು ನೋಡಿ ನಮ್ಮ ಅತ್ತೆ ಹೆದರಿ ಊಟ ಬಿಟ್ಟರು. ಹೆದರುವಂಥದ್ದೇನೂ ಇರಲಿಲ್ಲ. ಕೇಸು ಹಾಕುವ ಮೊದಲೇ ಮಾತಾಡಿ ಮುಗಿಸಿಕೊಳ್ಳಿ ಅನ್ನುವ ಕರೆ ಅದು. ಕೋರ್ಟ್ ಫೀಸು ಇಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ. ಬ್ಯಾಂಕಿನವರು 60,000 ಅಂದರು. ನಾನು ಮುಚ್ಚಿದ ಶಾಲೆಗಳ ಹಳೇ ಆರ್ಡರ್ ಪುಸ್ತಕ ತೋರಿಸಿದೆ. ಕೊನೆಗೆ 45,000, ಎರಡು ಕಂತಿನಲ್ಲಿ. ಚೀಟಿ ಎತ್ತಿ ಕಟ್ಟಿದೆ. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟ್ ತೀರ್ಪಿನಷ್ಟೇ ಬಲ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಕಟ್ಟಲು ಆಗುವಷ್ಟಕ್ಕೇ ಸಹಿ ಹಾಕಿ. ಈ ಸಾಲು ನನ್ನ ವರದಿಯಲ್ಲಿ ಸೆಟಲ್ಡ್ ಅಂತಲೇ ಇದೆ. ಅದು ಗೊತ್ತಿದ್ದೇ ಒಪ್ಪಿದೆ. ತಲೆಯ ಮೇಲೆ ತೂಗುವ 92,000ಕ್ಕಿಂತ ಅದು ಎಷ್ಟೋ ಮೇಲು.

ಈ ನಡುವೆ ಎಫ್‌ಡಿ (ಬ್ಯಾಂಕಿನ ನಿಗದಿತ ಠೇವಣಿ) ಮೇಲೆ ಒಂದು ಕ್ರೆಡಿಟ್ ಕಾರ್ಡ್ ಕೂಡ ತೆಗೆದುಕೊಂಡಿದ್ದೆ. ಹಳೇ ಕಲೆ ಮಾಸುವುದು ನಿಧಾನ. ಅದರ ಪಕ್ಕದಲ್ಲಿ ಹೊಸ ಒಳ್ಳೇ ತಿಂಗಳುಗಳು ಸೇರಬೇಕು. ಆದರೆ 561 ಇದ್ದವರಿಗೆ ಮಾಮೂಲಿ ಕಾರ್ಡ್ ಯಾರು ಕೊಡುತ್ತಾರೆ? ಬ್ಯಾಂಕಿನಲ್ಲಿ 20,000 ಎಫ್‌ಡಿ ಇಟ್ಟೆ. ಅದರ ಮೇಲೆ 18,000 ಲಿಮಿಟ್ಟಿನ ಕಾರ್ಡ್ ಕೊಟ್ಟರು. ದುಡ್ಡು ನನ್ನದೇ, ಬಡ್ಡಿಯೂ ಬರುತ್ತದೆ. ಕಾರ್ಡ್ ಇರುವವರೆಗೆ ಎಫ್‌ಡಿ ಮುರಿಯುವ ಹಾಗಿಲ್ಲ, ನಾನು ಕಟ್ಟದಿದ್ದರೆ ಬ್ಯಾಂಕು ಅದರಿಂದ ಹಿಡಿದುಕೊಳ್ಳುತ್ತದೆ. ವರದಿಗೆ ಮಾತ್ರ ಇದು ಬೇರೆ ಕಾರ್ಡುಗಳ ಹಾಗೆಯೇ ಹೋಗುತ್ತದೆ. ಸಿಬಿಲ್‌ಗೆ ವರದಿ ಹೋಗುತ್ತದಾ ಅಂತ ಅರ್ಜಿ ಹಾಕುವ ಮೊದಲೇ ಕೇಳಿಕೊಂಡೆ.

ಸ್ಕೂಟಿಗೆ ಪೆಟ್ರೋಲ್, ಕರೆಂಟ್ ಬಿಲ್, ದಾರದ ಬಾಕ್ಸು. ಇಷ್ಟಕ್ಕೇ ಉಜ್ಜಿದೆ. ತಿಂಗಳಿಗೆ ಮೂರರಿಂದ ನಾಲ್ಕು ಸಾವಿರ. ಪೂರ್ತಿ ಬಿಲ್ ಖಾತೆಯಿಂದ ತಾನಾಗಿ ಕಟ್ ಆಗುವ ಹಾಗೆ ಹಾಕಿಸಿದೆ. 'ಮಿನಿಮಮ್ ಡ್ಯೂ' ಅನ್ನುವ ಸಣ್ಣ ಮೊತ್ತವೇ ಹಿಂದೆ ನನ್ನನ್ನು ಮುಳುಗಿಸಿದ್ದು. ಅಷ್ಟು ಕಟ್ಟಿದರೆ ಸಾಕು ಅಂದುಕೊಳ್ಳುತ್ತೇವೆ, ಉಳಿದದ್ದಕ್ಕೆ ಬಡ್ಡಿ ಓಡುತ್ತಿರುತ್ತದೆ. ಎಟಿಎಂನಿಂದ ಕಾರ್ಡಿನಲ್ಲಿ ದುಡ್ಡು ತೆಗೆದರಂತೂ ಆ ದಿನದಿಂದಲೇ ಬಡ್ಡಿ.

ಒಂದು ತಿಂಗಳು ಸೀಸನ್ ಅಂತ 14,000ದ ಬಟ್ಟೆ ಕಾರ್ಡಿನಲ್ಲಿ ತಂದೆ. ದಿನಕ್ಕೆ ಸರಿಯಾಗಿ ಪೂರ್ತಿ ಕಟ್ಟಿದೆ. ಆದರೂ ಅಂಕ ಇಳಿಯಿತು! ವರದಿ ನೋಡಿದರೆ 18,000ಕ್ಕೆ 14,000 ಬಾಕಿ ಅಂತ ಹೋಗಿತ್ತು. ಲಿಮಿಟ್ಟಿನ ಶೇ. 30 ದಾಟದಿದ್ದರೆ ಒಳ್ಳೆಯದು ಅನ್ನುತ್ತಾರಲ್ಲ, ಅದು ಆಗ ಅರ್ಥವಾಯಿತು. ಆಮೇಲಿಂದ ಜಾಸ್ತಿ ಖರ್ಚಾದರೆ ಬಿಲ್ ಆಗುವ ಮುಂಚೆಯೇ ಸ್ವಲ್ಪ ಕಟ್ಟಿಬಿಡುತ್ತೇನೆ. ಎರಡು ತಿಂಗಳಲ್ಲಿ ಅಂಕ ಮತ್ತೆ ಏರಿತು.

ಪರ್ಸನಲ್ ಲೋನ್‌ನ ಕೊನೇ ಕಂತು 2024ರ ಜೂನ್‌ನಲ್ಲಿ ಕಟ್ಟಿದೆ. ಎನ್‌ಒಸಿ ಕೈಗೆ ಬಂತು. ಸೆಪ್ಟೆಂಬರ್ ಬಂದರೂ ವರದಿಯಲ್ಲಿ ಸಾಲ ತೆರೆದೇ ಇತ್ತು. ಸಿಬಿಲ್ ವೆಬ್‌ಸೈಟಿನಲ್ಲಿ ತಕರಾರು ಹಾಕಿದೆ. ಸಿಬಿಲ್ ತಾನಾಗಿ ಏನನ್ನೂ ತಿದ್ದುವುದಿಲ್ಲ. ಸಾಲ ಕೊಟ್ಟವರನ್ನು ಕೇಳಿ, ಅವರು ಹೂಂ ಅಂದರೆ ತಿದ್ದುತ್ತದೆ. ಹಾಗಾಗಿ ಕಂಪನಿಗೂ ಎನ್‌ಒಸಿ ಪ್ರತಿ ಸೇರಿಸಿ ಬರೆದೆ. 2024ರ ಏಪ್ರಿಲ್‌ನಿಂದ ಒಂದು ನಿಯಮ ಜಾರಿಯಲ್ಲಿದೆ. ಇಂಥ ದೂರು 30 ದಿನದಲ್ಲಿ ಮುಗಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಅದನ್ನೂ ಪತ್ರದಲ್ಲಿ ಬರೆದೆ. ಮೂರನೇ ವಾರಕ್ಕೆ ಕ್ಲೋಸ್ಡ್ ಆಯಿತು. ಎನ್‌ಒಸಿ ಬಂತು ಅಂತ ನಾನು ಸುಮ್ನೆ ಕೂತಿದ್ದರೆ ಆ ಸಾಲು ಇನ್ನೂ ಹಾಗೇ ಇರುತ್ತಿತ್ತೋ ಏನೋ.

ನನ್ನ ಅಂಕ ಏರಿದ್ದು ಹೀಗೆ. ಕಾರ್ಡ್ ತೆಗೆದುಕೊಂಡ ಆರು ತಿಂಗಳಿಗೆ 604. ಒಂದು ವರ್ಷಕ್ಕೆ 648. ಲೋನ್ ಕ್ಲೋಸ್ಡ್ ಆದ ಮೇಲೆ 690. 2025ರ ಮೇನಲ್ಲಿ 734.

ಅದೇ ಬ್ಯಾಂಕಿಗೆ ಮತ್ತೆ ಹೋದೆ. ಮ್ಯಾನೇಜರ್ ಬದಲಾಗಿದ್ದರು. ಸೆಟಲ್ಡ್ ಸಾಲನ್ನು ತೋರಿಸಿ, "ಇದೇನಮ್ಮಾ?" ಅಂತ ಕೇಳಿದರು. ಫೈಲು ಬಿಚ್ಚಿ ಲೋಕ ಅದಾಲತ್‌ನ ಪ್ರತಿ, ಎರಡು ರಸೀದಿ, ಎರಡೂ ಎನ್‌ಒಸಿ ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೂ ಓದಿದರು. ಸಣ್ಣ ಉದ್ಯಮಗಳಿಗೆ ಸಾಲ ಕೊಡುವ ಸರ್ಕಾರದ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 1,40,000 ಮಂಜೂರಾಯಿತು. ಕಂತಿನ ತಾರೀಖು 5 ಅಂತ ಹಾಕಿದ್ದರು. ಶಾಲೆಯವರ ಚೆಕ್ ಪಾಸಾಗುವುದು 7, 8ನೇ ತಾರೀಖಿಗೆ. ಸಹಿ ಹಾಕುವ ಮೊದಲು, "ಸರ್, 10 ಮಾಡಿಕೊಡಿ" ಅಂತ ಕೇಳಿದೆ. ಮಾಡಿಕೊಟ್ಟರು.